‘ಮಂಜೂರು’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ

ಓದುಗರ ಪ್ರಶ್ನೆ, ನಮ್ಮ ಉತ್ತರ

ಜ್ವರ ಬಂದಾಗ ಹೆಡ್‌ಮಾಸ್ತರರಿಗೆ ರಜೆ ಅರ್ಜಿ ಬರೆಯುವುದನ್ನು ನಮಗೆಲ್ಲ ಏಳನೆಯ ಇಯತ್ತೆಯಲ್ಲೇ ಕಲಿಸಿದ್ದರು. ‘ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್’ ಎಂಬ ಸಾಲು ಇಂದಿಗೂ ಹಲವರಿಗೆ ಬಾಯಿಪಾಠವಾಗಿದೆ. ಆದರೆ ಬಂದ ಅರ್ಜಿಗೆ ಒಪ್ಪಿಗೆ ಕೊಡುವ ಪತ್ರ ಹೇಗಿರಬೇಕೆಂದು ಯಾವ ಮಾಸ್ತರರೂ ಹೇಳಿಕೊಡಲಿಲ್ಲ. ಹೀಗಾಗಿ ಇಪ್ಪತ್ತು ಮೂವತ್ತು ವರ್ಷ ಕೇಳುವವರಾಗಿಯೇ ಇದ್ದವರು ಒಂದು ದಿನ ಕೊಡುವವರ ಕುರ್ಚಿಗೆ ಬಂದು ಕೂತಾಗ ಪೆನ್ನು ತಡವರಿಸುತ್ತದೆ. ಈ ವಿಷಯವಾಗಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಸೇವೆಯ ಬಹುಭಾಗವನ್ನು ಪತ್ರವ್ಯವಹಾರದ ಟೇಬಲ್ಲಿನಲ್ಲೇ ಕಳೆದವನು ನಾನಾದ್ದರಿಂದ, ಉತ್ತರಗಳಲ್ಲಿ ವ್ಯಾಕರಣಕ್ಕಿಂತ ಕಚೇರಿಯ ವಾಸನೆ ಹೆಚ್ಚಾಗಿದ್ದರೆ ಓದುಗರು ಮನ್ನಿಸಬೇಕು.

ಪ್ರಶ್ನೆ: ಇಲ್ಲಿಯ ಒಂದು ಫೌಂಡ್ರಿಯ ಮೋಲ್ಡಿಂಗ್ ವಿಭಾಗದಲ್ಲಿ ಬಹಳ ವರ್ಷ ದುಡಿದು ಹೋದ ವರ್ಷ ಶಿಫ್ಟ್ ಇನ್‌ಚಾರ್ಜ್ ಆಗಿದ್ದೇನೆ. ರಜೆ ಅರ್ಜಿಗಳೆಲ್ಲ ಈಗ ಇ-ಮೇಲ್‌ನಲ್ಲಿ ಬರುತ್ತವೆ, ಉತ್ತರವನ್ನು ಇಂಗ್ಲಿಷಿನಲ್ಲೇ ಕೊಡಬೇಕು. ‘ಐ ಆ್ಯಮ್ ಪ್ಲೀಸ್ಡ್ ಟು ಅಪ್ರೂವ್ ಯುವರ್ ಲೀವ್’ ಎಂಬ ಒಂದು ವಾಕ್ಯವನ್ನು ಬರೆದಿಟ್ಟುಕೊಂಡು ಎಲ್ಲರಿಗೂ ಅದನ್ನೇ ಕಳಿಸುತ್ತಿದ್ದೆ. ಕಳೆದ ತಿಂಗಳು ತಾಯಿ ತೀರಿಕೊಂಡ ಹುಡುಗನೊಬ್ಬನಿಗೂ ಅದೇ ಹೋಯಿತು. ಅವನು ಏನೂ ಅನ್ನಲಿಲ್ಲ. ಆದರೆ ಅದನ್ನು ಓದಿದ ಜೊತೆಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಬರೆದದ್ದರಲ್ಲಿ ತಪ್ಪೇನು?
— ಓದುಗರೊಬ್ಬರು, ಉದ್ಯಮಬಾಗ, ಬೆಳಗಾವಿ

ಉತ್ತರ: ವ್ಯಾಕರಣದ ತಪ್ಪು ಒಂದೂ ಇಲ್ಲ. ತೊಡಕಿರುವುದು ‘ಪ್ಲೀಸ್ಡ್’ ಎಂಬ ಒಂದೇ ಪದದಲ್ಲಿ. ಇಂದಿನ ಬಳಕೆಯ ಇಂಗ್ಲಿಷಿನಲ್ಲಿ ಈ ಮಾತು ಬರೆಯುವವರ ಸಂತೋಷವನ್ನು ಹೇಳುತ್ತದೆ. ಬಡ್ತಿ, ವಿದ್ಯಾರ್ಥಿವೇತನ, ಸಾಲ, ಹೊಸ ನೇಮಕಾತಿ, ಹೀಗೆ ಪಡೆಯುವವರಿಗೂ ಸಿಹಿಯಾದ ಸುದ್ದಿ ಇರುವಲ್ಲಿ ಅದು ಸರಿಯಾಗಿ ಕೂಡುತ್ತದೆ. ತಾಯಿಯನ್ನು ಮಣ್ಣು ಮಾಡಿ ಬಂದು ಫೋನು ತೆರೆದ ಹುಡುಗನಿಗೆ ‘ನಿನ್ನ ರಜೆ ಒಪ್ಪಲು ನನಗೆ ಸಂತೋಷವಾಗುತ್ತದೆ’ ಎಂದು ಮೊದಲ ಸಾಲಿನಲ್ಲೇ ಕಂಡರೆ ಏನಾಗಬಹುದೋ ಅದೇ ಆಗಿದೆ.

ಈ ಪದ ನಮ್ಮ ಕಚೇರಿಗಳಿಗೆ ಬಂದ ದಾರಿಯನ್ನು ತಿಳಿದರೆ ನಿಮ್ಮ ಮೇಲಿನ ದೋಷ ಅರ್ಧಕ್ಕರ್ಧ ಇಳಿಯುತ್ತದೆ. ಕೇಂದ್ರ ಸರ್ಕಾರದ ಆದೇಶಗಳಲ್ಲಿ ‘ದಿ ಪ್ರೆಸಿಡೆಂಟ್ ಈಸ್ ಪ್ಲೀಸ್ಡ್ ಟು...’ ಎಂಬ ಒಕ್ಕಣೆಯನ್ನು ನೀವು ಕಂಡಿರಬಹುದು. ಅಲ್ಲಿ ರಾಷ್ಟ್ರಪತಿಯವರು ನಕ್ಕರು ಎಂದಾಗಲಿ, ಹಿಗ್ಗಿದರು ಎಂದಾಗಲಿ ಅರ್ಥವಿಲ್ಲ. ಹಳೆಯ ಇಂಗ್ಲಿಷ್ ರಾಜಭಾಷೆಯಲ್ಲಿ ‘ಪ್ಲೆಷರ್’ ಎಂದರೆ ಅರಸನ ಇಚ್ಛೆ. ನಮ್ಮ ಸಂವಿಧಾನದ 310ನೆಯ ವಿಧಿಯು ಕೇಂದ್ರದ ಸಿವಿಲ್ ಸೇವೆಯ ನೌಕರರು ರಾಷ್ಟ್ರಪತಿಯ ‘ಪ್ಲೆಷರ್’ ಇರುವವರೆಗೆ ಪದವಿಯಲ್ಲಿರುತ್ತಾರೆ ಎನ್ನುವಾಗಲೂ ಅದೇ ಅರ್ಥ. ಅರಸನ ಇಚ್ಛೆಯನ್ನು ಹೇಳುವ ಆ ಮಾತು ಆದೇಶಗಳಿಂದ ಇಳಿದು ಸುತ್ತೋಲೆಗಳಿಗೆ ಬಂತು, ಅಲ್ಲಿಂದ ಕಂಪನಿಗಳ ಪತ್ರಗಳಿಗೆ ಬಂತು, ಈಗ ಮೋಲ್ಡಿಂಗ್ ಶಾಪಿನ ರಜೆಯ ಉತ್ತರದವರೆಗೂ ಬಂದು ನಿಂತಿದೆ. ಅರಸ ಹೋಗಿ ಬಹಳ ಕಾಲವಾಗಿದೆ. ಪದದಲ್ಲಿ ಉಳಿದದ್ದು ಬರಿಯ ಸಂತೋಷ.

ಸಾವಿನ ಮನೆಗೆ ಬರೆಯುವಾಗ ರಜೆಯ ಮಾತು ಎರಡನೆಯದಾಗಬೇಕು. ‘ಐ ಆ್ಯಮ್ ವೆರಿ ಸಾರಿ ಟು ಹಿಯರ್ ಅಬೌಟ್ ಯುವರ್ ಮದರ್. ಯುವರ್ ಲೀವ್ ಫ್ರಮ್ 6 ಟು 18 ನವೆಂಬರ್ ಈಸ್ ಅಪ್ರೂವ್ಡ್. ಪ್ಲೀಸ್ ಡೂ ನಾಟ್ ವರಿ ಅಬೌಟ್ ದಿ ಶಿಫ್ಟ್’ ಎಂದು ಬರೆದರೆ ಮೂರೇ ವಾಕ್ಯದಲ್ಲಿ ಕೆಲಸ ಮುಗಿಯುತ್ತದೆ. ಮೂರನೆಯ ವಾಕ್ಯವನ್ನು ಬಿಡಬೇಡಿ. ಹದಿಮೂರು ದಿನದ ಕಾರ್ಯ ಮುಗಿಸಬೇಕಾದವನಿಗೆ ನಡುವೆ ಫೋನು ಬರುವುದಿಲ್ಲ ಎಂಬ ಭರವಸೆ ರಜೆಗಿಂತ ದೊಡ್ಡದು.

ಇನ್ನು ಸಾಮಾನ್ಯ ರಜೆಗೆ ಇಷ್ಟು ಸಾಕು: ‘ಯುವರ್ ರಿಕ್ವೆಸ್ಟ್ ಫಾರ್ ಲೀವ್ ಫ್ರಮ್ 12 ಟು 15 ಮಾರ್ಚ್, ಬೋತ್ ಡೇಸ್ ಇನ್‌ಕ್ಲೂಸಿವ್, ಈಸ್ ಅಪ್ರೂವ್ಡ್. ಪ್ಲೀಸ್ ಹ್ಯಾಂಡ್ ಓವರ್ ದಿ ಪ್ಯಾಟರ್ನ್ ರಿಜಿಸ್ಟರ್ ಬಿಫೋರ್ ಯು ಗೋ.’ ಇದರಲ್ಲಿ ‘ಬೋತ್ ಡೇಸ್ ಇನ್‌ಕ್ಲೂಸಿವ್’ ಎಂಬ ತುಣುಕು ಅಲಂಕಾರಕ್ಕಾಗಿ ಬಂದದ್ದಲ್ಲ. ‘15ರವರೆಗೆ’ ಎಂದಷ್ಟೇ ಬರೆದರೆ 15ನೆಯ ತಾರೀಖಿನ ಬೆಳಗಿನ ಶಿಫ್ಟಿಗೆ ಆಳು ಬರುತ್ತಾನೆಂದು ಇನ್‌ಚಾರ್ಜ್ ಕಾಯುತ್ತಾರೆ, ಆ ದಿನವೂ ರಜೆಯೆಂದು ಆಳು ಊರಲ್ಲಿ ಕೂತಿರುತ್ತಾನೆ. ಆಮೇಲೆ ಹಾಜರಿ ಪುಸ್ತಕದ ಮುಂದೆ ನಡೆಯುವ ವಾದಕ್ಕೆ ಯಾವ ಭಾಷೆಯೂ ಸಾಲುವುದಿಲ್ಲ.

ಪ್ರಶ್ನೆ: ಕಾಲೇಜೊಂದರ ಕಚೇರಿಯಲ್ಲಿ ಪ್ರಾಚಾರ್ಯರ ಪರವಾಗಿ ಪತ್ರಗಳನ್ನು ಸಿದ್ಧಪಡಿಸುತ್ತೇನೆ. ಅಪ್ರೂವ್ಡ್, ಸ್ಯಾಂಕ್ಷನ್ಡ್, ಗ್ರಾಂಟೆಡ್, ಪರ್ಮಿಟೆಡ್ ಎಂಬ ನಾಲ್ಕನ್ನೂ ನಾವು ಬಾಯಿಗೆ ಬಂದಂತೆ ಬಳಸುತ್ತೇವೆ. ಕನ್ನಡದಲ್ಲಾದರೆ ಎಲ್ಲಕ್ಕೂ ‘ಮಂಜೂರು’ ಎಂದರೆ ನಡೆಯುತ್ತದೆ. ಇಂಗ್ಲಿಷಿನಲ್ಲಿ ವ್ಯತ್ಯಾಸವಿದೆಯೇ?
— ಓದುಗರೊಬ್ಬರು, ವಿಜಯಪುರ

ಉತ್ತರ: ಮೊದಲು ನಿಮ್ಮ ‘ಮಂಜೂರು’ ಪದವನ್ನೇ ನೋಡೋಣ. ಇದು ಅರಬ್ಬಿಯಲ್ಲಿ ಹುಟ್ಟಿ ಫಾರ್ಸಿಯ ಮೂಲಕ ನಮಗೆ ಬಂದ ಪದ. ಮೂಲದಲ್ಲಿ ಇದರ ಅರ್ಥ ‘ನೋಡಲ್ಪಟ್ಟದ್ದು’ ಎಂದು. ‘ನಜರು’ ಇದರ ಒಡಹುಟ್ಟು. ದೊರೆಯ ನಜರಿಗೆ ಬಿದ್ದು ಒಪ್ಪಿಗೆಯಾದದ್ದೇ ಮಂಜೂರು. ಅರ್ಜಿ, ಹುಕುಂ, ದಫ್ತರ, ಜಮಾ, ಖರ್ಚು ಎಲ್ಲವೂ ಇದೇ ಬಳಗದವು. ಆದಿಲ್‌ಶಾಹಿಗಳು ಆಳಿದ ಊರಿನಿಂದ ಈ ಪ್ರಶ್ನೆ ಬಂದಿರುವುದರಿಂದ ಇಷ್ಟನ್ನು ಹೇಳದೆ ಮುಂದಕ್ಕೆ ಹೋಗಲು ಮನಸ್ಸಾಗಲಿಲ್ಲ. ತಮಾಷೆಯೆಂದರೆ, ಇಂದಿನ ಕಡತದಲ್ಲಿ ಮೇಲಧಿಕಾರಿ ‘ಸೀನ್’ ಎಂದು ಬರೆದು ಸಹಿ ಮಾಡಿದರೆ ಅದು ಮಂಜೂರಿಯಲ್ಲ, ನೋಡಿದ್ದಾರೆ, ಅಷ್ಟೆ. ‘ನೋಟೆಡ್’ ಎಂಬುದೂ ಹಾಗೆಯೇ. ‘ಸಾಹೇಬರು ಸಹಿ ಮಾಡ್ಯಾರ, ಕೆಲಸ ಸುರು ಮಾಡ್ರಿ’ ಎಂದು ಗುಮಾಸ್ತ ಹೇಳಿದರೂ ಸಹಿಯ ಮೇಲೆ ಯಾವ ಪದವಿದೆ ಎಂದು ಒಮ್ಮೆ ನೋಡಿಕೊಳ್ಳಿ.

ಇಂಗ್ಲಿಷಿನಲ್ಲಿ ವ್ಯತ್ಯಾಸ ಇದೆ, ಚೆನ್ನಾಗಿಯೇ ಇದೆ. ‘ಅಪ್ರೂವ್’ ಎಂಬುದು ಪ್ರಸ್ತಾವ, ಯೋಜನೆ, ನಕ್ಷೆ, ವೇಳಾಪಟ್ಟಿಗಳಿಗೆ ಸಲ್ಲುತ್ತದೆ: ಬೇರೆಯವರು ಸಿದ್ಧಪಡಿಸಿದ್ದನ್ನು ಪರಿಶೀಲಿಸಿ ಸರಿಯಿದೆ ಎಂದು ಒಪ್ಪುವುದು. ‘ಪರ್ಮಿಟ್’ ಎಂಬುದರಲ್ಲಿ ನಿಯಮದ ನೆರಳಿದೆ: ಸಾಮಾನ್ಯವಾಗಿ ತಡೆಯಿರುವ ಕೆಲಸಕ್ಕೆ ದಾರಿ ಬಿಡುವುದು. ಪರೀಕ್ಷಾ ಶುಲ್ಕವನ್ನು ತಡವಾಗಿ ಕಟ್ಟುವ ವಿದ್ಯಾರ್ಥಿಗೆ ‘ಯು ಆರ್ ಪರ್ಮಿಟೆಡ್’ ಎಂದು ಬರೆದರೆ ನಡೆಯುತ್ತದೆ. ಸಭಾಂಗಣ ಕೇಳಿದ ಹಿರಿಯ ಸಾಹಿತಿಗೆ ಅದನ್ನೇ ಬರೆದರೆ ಬಾಗಿಲ ಕಾವಲುಗಾರ ಮಾತಾಡಿದಂತಾಗುತ್ತದೆ. ಅಲ್ಲಿ ‘ಗ್ರಾಂಟ್’ ಮೇಲು. ‘ಪರ್ಮಿಷನ್ ಈಸ್ ಗ್ರಾಂಟೆಡ್ ಫಾರ್ ದಿ ಯೂಸ್ ಆಫ್ ದಿ ಕಾಲೇಜ್ ಹಾಲ್ ಆನ್ 21 ಫೆಬ್ರವರಿ, ಫ್ರಮ್ 10 ಎಎಮ್ ಟು 2 ಪಿಎಮ್’ ಎಂದರೆ ಗೌರವವೂ ಉಳಿಯುತ್ತದೆ, ಎರಡು ಗಂಟೆಗೆ ಬೀಗ ಹಾಕುವ ಅಧಿಕಾರವೂ ನಿಮ್ಮಲ್ಲಿ ಉಳಿಯುತ್ತದೆ.

‘ಸ್ಯಾಂಕ್ಷನ್’ ಪದದ ವಿಷಯದಲ್ಲಿ ಮಾತ್ರ ನಿಧಾನಿಸಿ ನಡೆಯಬೇಕು. ನಮ್ಮ ದೇಶದ ಕಚೇರಿಗಳಲ್ಲಿ ಹಣ, ಹುದ್ದೆ, ರಜೆ, ಸಾಲ ಈ ನಾಲ್ಕಕ್ಕೂ ಇದೇ ಪದ ಬಳಕೆಯಲ್ಲಿದೆ. ಕಾಮಗಾರಿಯೊಂದಕ್ಕೆ ಆಡಳಿತಾತ್ಮಕ ಅನುಮೋದನೆ ಬೇರೆ, ತಾಂತ್ರಿಕ ಮಂಜೂರಾತಿ ಬೇರೆ ಎಂದು ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರಿಗೆಲ್ಲ ಗೊತ್ತು. ಮೊದಲನೆಯದು ‘ಈ ಕೆಲಸ ಆಗಲಿ’ ಎಂಬ ತೀರ್ಮಾನ, ಎರಡನೆಯದು ‘ಈ ಅಂದಾಜುಪಟ್ಟಿ ಸರಿಯಿದೆ’ ಎಂಬ ಎಂಜಿನಿಯರರ ಒಪ್ಪಿಗೆ. ಮೊದಲನೆಯದಕ್ಕೆ ‘ಅಪ್ರೂವಲ್’ ಎಂದೂ ಎರಡನೆಯದಕ್ಕೆ ‘ಸ್ಯಾಂಕ್ಷನ್’ ಎಂದೂ ಬರೆಯುವುದು ರೂಢಿ. ಆದರೆ ಲ್ಯಾಟಿನ್ನಿನ ‘ಪವಿತ್ರಗೊಳಿಸು, ಶಾಸನವಾಗಿಸು’ ಎಂಬ ಮೂಲದಿಂದ ಹುಟ್ಟಿದ ಈ ಪದಕ್ಕೆ ಒಂದು ಕಡೆ ‘ಒಪ್ಪಿಗೆಯ ಮುದ್ರೆ’ ಎಂದೂ ಇನ್ನೊಂದು ಕಡೆ ‘ಶಾಸನ ಮುರಿದವನಿಗೆ ಕೊಡುವ ದಂಡನೆ’ ಎಂದೂ ಎರಡು ಕವಲು ಒಡೆದಿವೆ. ಪತ್ರಿಕೆಗಳಲ್ಲಿ ಒಂದು ದೇಶದ ಮೇಲೆ ‘ಸ್ಯಾಂಕ್ಷನ್ಸ್’ ಹೇರಿದರು ಎಂದು ಓದುತ್ತೇವಲ್ಲ, ಅದು ಎರಡನೆಯ ಕವಲು.

ಕೆಲವು ವರ್ಷಗಳ ಹಿಂದೆ ಬೆಳಗಾವಿಯ ಒಂದು ವರ್ಕ್‌ಶಾಪಿನ ಪತ್ರಗಳನ್ನು ತಿದ್ದಿಕೊಡುತ್ತಿದ್ದೆ. ಹೊರದೇಶದ ಗಿರಾಕಿಯೊಬ್ಬರು ಹೈಡ್ರಾಲಿಕ್ ಬಿಡಿಭಾಗಗಳ ರವಾನೆಯನ್ನು ಎರಡು ವಾರ ಮುಂದೂಡಲು ಕೇಳಿದ್ದರು. ಅವರಿಗೆ ಹೋದ ಉತ್ತರ, ‘ಯುವರ್ ರಿಕ್ವೆಸ್ಟ್ ಈಸ್ ಸ್ಯಾಂಕ್ಷನ್ಡ್’ ಎಂಬುದು. ಮರುದಿನ ಅವರಿಂದ ಬಂದ ಒಂದೇ ಸಾಲಿನ ಪ್ರಶ್ನೆ: ತಡ ಮಾಡಿದ್ದಕ್ಕೆ ದಂಡ ಹಾಕುತ್ತೀರಾ? ಆ ಪತ್ರ ನನ್ನ ಕೈಯಿಂದಲೇ ಹಾದು ಹೋಗಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ರಜೆಗೆ, ಹಣಕ್ಕೆ ‘ಸ್ಯಾಂಕ್ಷನ್’ ಬರೆದೂ ಬರೆದೂ ಅಭ್ಯಾಸವಾದ ಕಣ್ಣಿಗೆ ಅದರಲ್ಲಿ ಏನೂ ತಪ್ಪು ಕಂಡಿರಲಿಲ್ಲ. ಊರೊಳಗೆ ಈ ಪದ ನಡೆಯುತ್ತದೆ, ಊರು ದಾಟುವಾಗ ‘ಅಗ್ರೀಡ್’ ಎಂದೋ ‘ಅಪ್ರೂವ್ಡ್’ ಎಂದೋ ಬದಲಿಸಿಕೊಳ್ಳಿ.

ಕೊನೆಯದಾಗಿ, ‘ಐ ಅಪ್ರೂವ್ ಆಫ್ ಯುವರ್ ರಿಕ್ವೆಸ್ಟ್’ ಎಂದು ನಿಮ್ಮ ಕರಡು ಪತ್ರದಲ್ಲಿ ಬರೆದಿದ್ದೀರಿ. ಆ ‘ಆಫ್’ ಅನ್ನು ಹೊಡೆದುಹಾಕಿ. ಅದು ಸೇರಿದರೆ ‘ನಿಮ್ಮ ಕೋರಿಕೆ ನನಗೆ ಒಳ್ಳೆಯದೆನಿಸಿತು’ ಎಂಬ ಮೆಚ್ಚುಗೆಯಾಗುತ್ತದೆ, ಮಂಜೂರಿ ಆಗುವುದಿಲ್ಲ.

ಪ್ರಶ್ನೆ: ‘ಹಿಯರ್‌ಬೈ’ ಎಂದು ಸೇರಿಸದಿದ್ದರೆ ಆದೇಶಕ್ಕೆ ತೂಕ ಬರುವುದಿಲ್ಲ ಎನ್ನುತ್ತಾರೆ ನಮ್ಮ ಕಚೇರಿಯ ಹಿರಿಯರು. ನಿಜವೇ?
— ಓದುಗರೊಬ್ಬರು, ಗೋಕಾಕ

ಉತ್ತರ: ತೂಕದ ಪ್ರಶ್ನೆ ಇದಲ್ಲ. ಆ ಪತ್ರವೇ ಒಪ್ಪಿಗೆಯ ಕ್ರಿಯೆಯಾಗಿದ್ದರೆ, ಅಂದರೆ ಪತ್ರಕ್ಕೆ ಸಹಿ ಬಿದ್ದ ಗಳಿಗೆಯಲ್ಲೇ ಅನುಮತಿ ಹುಟ್ಟುವುದಾದರೆ, ‘ಹಿಯರ್‌ಬೈ’ ಹೊಂದುತ್ತದೆ. ಕನ್ನಡದಲ್ಲಿ ‘ಈ ಮೂಲಕ’ ಎನ್ನುತ್ತೇವೆ. ಸಮಿತಿ ಹೋದ ವಾರವೇ ಒಪ್ಪಿದ್ದು ನೀವು ಈಗ ಸುದ್ದಿ ತಿಳಿಸುತ್ತಿದ್ದೀರಿ ಎಂದಾದರೆ ‘ಹ್ಯಾಸ್ ಬೀನ್ ಅಪ್ರೂವ್ಡ್’ ಎಂದಷ್ಟೇ ಬರೆಯಬೇಕು. ಇ-ಮೇಲ್‌ನಲ್ಲಿ ಎರಡು ದಿನದ ರಜೆಗೆ ‘ಹಿಯರ್‌ಬೈ’ ಹಾಕುವುದು ಮಿರ್ಚಿ ಭಜಿ ತಿನ್ನಲು ಬೆಳ್ಳಿ ತಟ್ಟೆ ತರಿಸಿದಂತೆ.

ಪ್ರಶ್ನೆ: ಬೆಲ್ಲದ ವ್ಯಾಪಾರಿ ನಾನು. ಹೊರರಾಜ್ಯದ ಖರೀದಿದಾರರೊಬ್ಬರು ಹಣ ಕೊಡಲು ಹದಿನೈದು ದಿನ ಹೆಚ್ಚಿನ ಅವಧಿ ಬೇಕೆಂದು ವಾಟ್ಸಾಪಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದರು. ‘ನೋಡಿದೆ’ ಎಂಬ ಅರ್ಥದಲ್ಲಿ ಹೆಬ್ಬೆರಳಿನ ಚಿತ್ರ ಕಳಿಸಿದೆ. ಈಗ ಅವರು ‘ನೀವು ಒಪ್ಪಿದ್ದೀರಿ’ ಎನ್ನುತ್ತಾರೆ. ಹೆಬ್ಬೆರಳು ಒಪ್ಪಿಗೆಯಾಗುತ್ತದೆಯೇ? ನಾನು ಏನೆಂದು ಬರೆಯಬೇಕಿತ್ತು?
— ಓದುಗರೊಬ್ಬರು, ಮಹಾಲಿಂಗಪುರ, ಬಾಗಲಕೋಟೆ ಜಿಲ್ಲೆ

ಉತ್ತರ: ಆಗಬಹುದು ಎಂದು ಕೆನಡಾದ ನ್ಯಾಯಾಲಯವೊಂದು ಹೇಳಿದೆ. ಅಲ್ಲಿಯ ಸಸ್ಕಾಚೆವಾನ್ ಪ್ರಾಂತದ ಒಂದು ಧಾನ್ಯ ಖರೀದಿ ಸಂಸ್ಥೆ 2021ರಲ್ಲಿ ರೈತರೊಬ್ಬರಿಗೆ ಅಗಸೆ ಖರೀದಿಯ ಒಪ್ಪಂದದ ಫೋಟೊ ಕಳಿಸಿ ಖಚಿತಪಡಿಸಲು ಕೇಳಿತು. ರೈತ ಹೆಬ್ಬೆರಳಿನ ಚಿತ್ರ ಕಳಿಸಿದರು. ಮಾಲು ಬರಲಿಲ್ಲ, ಅಷ್ಟರಲ್ಲಿ ಅಗಸೆಯ ದರ ಏರಿತ್ತು. ‘ಒಪ್ಪಂದ ತಲುಪಿದೆ ಎಂದಷ್ಟೇ ನನ್ನ ಅರ್ಥ’ ಎಂದು ರೈತ ವಾದಿಸಿದರು, ಥೇಟ್ ನಿಮ್ಮ ಹಾಗೆ. ಆ ಇಬ್ಬರ ನಡುವೆ ಹಿಂದೆಯೂ ‘ಓಕೆ’, ‘ಯಪ್’ ಎಂಬ ಚುಟುಕು ಉತ್ತರಗಳ ಮೇಲೆಯೇ ವ್ಯಾಪಾರ ನಡೆದಿದ್ದುದನ್ನು ಗಮನಿಸಿದ ನ್ಯಾಯಾಲಯವು ಈ ಹೆಬ್ಬೆರಳೂ ಒಪ್ಪಿಗೆಯೇ ಎಂದು 2023ರಲ್ಲಿ ತೀರ್ಪು ಕೊಟ್ಟು, 82,000 ಕೆನಡಾ ಡಾಲರಿಗೂ ಹೆಚ್ಚು ಪರಿಹಾರ ಕಟ್ಟಲು ಹೇಳಿತು. ಅಗಸಿ ಚಟ್ನಿಯ ನಾಡಿನವರು ಈ ಸುದ್ದಿಯನ್ನು ಮರೆಯಬಾರದು.

ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ನಮ್ಮ 1872ರ ಒಪ್ಪಂದ ಕಾಯಿದೆಯ 7ನೆಯ ಕಲಮು ಅಂಗೀಕಾರವು ಪೂರ್ಣವೂ ನಿಃಷರತ್ತೂ ಆಗಿರಬೇಕು ಎನ್ನುತ್ತದೆ, ಮಾಹಿತಿ ತಂತ್ರಜ್ಞಾನ ಕಾಯಿದೆಯ 10ಎ ಕಲಮು ವಿದ್ಯುನ್ಮಾನ ರೂಪದಲ್ಲಿ ಆದ ಒಪ್ಪಂದವನ್ನು ಆ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ ಎನ್ನುತ್ತದೆ. ಹೀಗಿರುವಾಗ ಹೆಬ್ಬೆರಳನ್ನು ಮದುವೆ ಮನೆಯ ಫೋಟೊಗಳಿಗೆ ಮೀಸಲಿಡುವುದು ಕ್ಷೇಮ. ನಿಮ್ಮ ಈಗಿನ ತಕರಾರಿಗೆ ವಕೀಲರನ್ನು ಕಾಣಿ, ಆ ಮಾತುಕತೆಯನ್ನು ಫೋನಿನಿಂದ ಅಳಿಸಬೇಡಿ.

ಏನು ಬರೆಯಬೇಕಿತ್ತು ಎಂಬುದಕ್ಕೆ: ಬರಿದೇ ಮುಟ್ಟಿದೆ ಎನ್ನುವುದಾದರೆ ‘ರಿಸೀವ್ಡ್, ವಿಲ್ ರಿಪ್ಲೈ ಟುಮಾರೋ’. ಒಪ್ಪುವುದಾದರೆ ‘ಅಗ್ರೀಡ್. ಪೇಮೆಂಟ್ ಬೈ 25 ಜನವರಿ. ರೇಟ್ ಅಂಡ್ ಅದರ್ ಟರ್ಮ್ಸ್ ಅನ್‌ಚೇಂಜ್ಡ್’. ಷರತ್ತು ಹಾಕುವುದಾದರೆ ‘ವಿ ಕ್ಯಾನ್ ಅಗ್ರೀ ಟು ದಿಸ್ ಓನ್ಲಿ ಇಫ್ ಹಾಫ್ ದಿ ಅಮೌಂಟ್ ಈಸ್ ಪೇಡ್ ನೌ’. ಕೊನೆಯದು ಒಪ್ಪಿಗೆಯಲ್ಲ, ನಿಮ್ಮ ಕಡೆಯಿಂದ ಹೊಸ ಪ್ರಸ್ತಾವ. ಅದಕ್ಕೆ ಅವರು ಹೂಂ ಎನ್ನುವವರೆಗೆ ಹಳೆಯ ಗಡುವೇ ಗಡುವು. ‘ಅಗ್ರೀ ಟು’ ಎಂದರೆ ಕೇಳಿದ್ದನ್ನು ಕೊಡಲು ಒಪ್ಪುವುದು, ‘ಅಗ್ರೀ ವಿತ್’ ಎಂದರೆ ಅವರ ಅಭಿಪ್ರಾಯ ಸರಿಯೆನ್ನುವುದು. ವ್ಯಾಪಾರದಲ್ಲಿ ನಿಮಗೆ ಬೇಕಾದದ್ದು ಮೊದಲನೆಯದು.

ಪ್ರಶ್ನೆ: ಸಂಸ್ಥೆಯೊಂದರ ಶಾಖೆಯ ಮುಖ್ಯಸ್ಥೆ ನಾನು. ಸಿಬ್ಬಂದಿಯೊಬ್ಬರು ತರಬೇತಿಗೆ ಹೋಗಲು ಕೇಳಿದ್ದಕ್ಕೆ ‘ಐ ಎಂಡಾರ್ಸ್ ಯುವರ್ ರಿಕ್ವೆಸ್ಟ್’ ಎಂದು ಬರೆದೆ. ಅದನ್ನೇ ಅನುಮತಿ ಎಂದುಕೊಂಡು ಅವರು ಹೊರಟೇ ಬಿಟ್ಟರು. ಮೇಲಿನ ಕಚೇರಿಯವರು ನನ್ನನ್ನು ಕಾರಣ ಕೇಳುತ್ತಿದ್ದಾರೆ. ಯಾರ ತಪ್ಪು?
— ಓದುಗರೊಬ್ಬರು, ನವನಗರ, ಬಾಗಲಕೋಟೆ

ಉತ್ತರ: ತಪ್ಪನ್ನು ನಿಮ್ಮಿಬ್ಬರಿಗೂ ಆ ಪದಕ್ಕೂ ಹಂಚಬೇಕು. ‘ಎಂಡಾರ್ಸ್’ ಎಂದರೆ ಮೂಲದಲ್ಲಿ ಕಾಗದದ ಬೆನ್ನ ಮೇಲೆ ಬರೆಯುವುದು, ಇಂಗ್ಲಿಷಿನಲ್ಲಿ ಈಗ ಬೆಂಬಲಿಸುವುದು. ನಮ್ಮ ಕರ್ನಾಟಕದ ಕಚೇರಿಗಳಲ್ಲಿ ಅದೇ ‘ಎಂಡಾರ್ಸ್‌ಮೆಂಟ್’ ಎಂಬುದು ‘ಹಿಂಬರಹ’ವಾಗಿದೆ. ತಹಶೀಲ್ದಾರ ಕಚೇರಿಗೆ ಅಲೆದ ರೈತರನ್ನು ಕೇಳಿ ನೋಡಿ: ‘ಹಿಂಬರಹ ಕೊಟ್ಟರು’ ಎಂದರೆ ಬಹಳ ಸಲ ‘ನಿಮ್ಮ ಅರ್ಜಿಯನ್ನು ಪರಿಗಣಿಸಲು ಬರುವುದಿಲ್ಲ’ ಎಂಬ ಕಾಗದ ಕೈಗೆ ಬಂತೆಂದೇ ಅರ್ಥ. ಒಂದೇ ಪದ ಒಬ್ಬರಿಗೆ ಬೆಂಬಲ, ಇನ್ನೊಬ್ಬರಿಗೆ ನಿರಾಕರಣೆ, ನಿಮ್ಮ ಸಿಬ್ಬಂದಿಗೆ ಅನುಮತಿ.

ಒಪ್ಪಿಗೆಯ ಪದವನ್ನು ಆರಿಸುವ ಮೊದಲು ಒಪ್ಪುವ ಅಧಿಕಾರ ನಿಮ್ಮದೇ ಎಂದು ಕೇಳಿಕೊಳ್ಳಬೇಕು. ನಿಯಮಗಳು ‘ಸಕ್ಷಮ ಪ್ರಾಧಿಕಾರ’ ಎನ್ನುವುದು ಇದನ್ನೇ. ಅಧಿಕಾರ ಮೇಲಿನವರದಾಗಿದ್ದರೆ ನೀವು ಬರೆಯಬಹುದಾದದ್ದು ‘ರೆಕಮೆಂಡೆಡ್ ಅಂಡ್ ಫಾರ್ವರ್ಡೆಡ್’, ಅಂದರೆ ಶಿಫಾರಸು ಮಾಡಿ ಕಳಿಸಿದೆ ಎಂದು. ಸಿಬ್ಬಂದಿಗೆ ಕೊಡುವ ಪ್ರತಿಯಲ್ಲಿ ‘ಪ್ಲೀಸ್ ವೇಟ್ ಫಾರ್ ದಿ ಆರ್ಡರ್ ಬಿಫೋರ್ ಯು ಲೀವ್’ ಎಂಬ ಸಾಲೊಂದನ್ನು ಸೇರಿಸಿದ್ದರೆ ಅವರು ಬಸ್ ಹತ್ತುತ್ತಿರಲಿಲ್ಲ. ‘ನೋ ಅಬ್ಜೆಕ್ಷನ್’ ಕೂಡ ಮಂಜೂರಿಯಲ್ಲ. ನನ್ನ ಕಡೆಯಿಂದ ಅಡ್ಡಿಯಿಲ್ಲ, ಉಳಿದದ್ದು ಕೊಡುವವರಿಗೆ ಬಿಟ್ಟದ್ದು ಎಂದು ಅದರ ಅರ್ಥ. ‘ಇನ್ ಪ್ರಿನ್ಸಿಪಲ್’ ಒಪ್ಪಿಗೆ, ಅಂದರೆ ತಾತ್ವಿಕ ಒಪ್ಪಿಗೆ, ಸಿಕ್ಕ ಮಾತ್ರಕ್ಕೆ ಖರ್ಚು ಮಾಡಿ ಕೈ ಸುಟ್ಟುಕೊಂಡವರನ್ನು ನಾನು ಕಂಡಿದ್ದೇನೆ.

ಆದದ್ದಕ್ಕೆ ಈಗ ಒಂದು ದಾರಿಯಿದೆ. ಮೇಲಿನ ಕಚೇರಿಗೆ ನಡೆದದ್ದನ್ನು ನೇರವಾಗಿ ತಿಳಿಸಿ ಘಟನೋತ್ತರ ಅನುಮೋದನೆ ಕೇಳಿ. ಇಂಗ್ಲಿಷ್ ಪತ್ರಗಳಲ್ಲಿ ಅದಕ್ಕೆ ‘ಎಕ್ಸ್ ಪೋಸ್ಟ್ ಫ್ಯಾಕ್ಟೊ ಅಪ್ರೂವಲ್’ ಎನ್ನುತ್ತಾರೆ. ಕೊಡುವುದು ಬಿಡುವುದು ಅವರ ವಿವೇಚನೆ.

ಪ್ರಶ್ನೆ: ಇಷ್ಟೆಲ್ಲ ತೊಡಕು ಏಕೆ? ಕನ್ನಡದಲ್ಲೇ ಬರೆದರೆ ಆಗುವುದಿಲ್ಲವೇ?
— ಓದುಗರೊಬ್ಬರು, ಅಥಣಿ

ಉತ್ತರ: ಸರ್ಕಾರಿ ಕಚೇರಿಯಲ್ಲಾದರೆ ಕನ್ನಡದಲ್ಲೇ ಬರೆಯಬೇಕು, 1963ರ ರಾಜ್ಯ ಆಡಳಿತ ಭಾಷಾ ಕಾಯಿದೆ ಇರುವುದೇ ಅದಕ್ಕೆ. ಖಾಸಗಿ ಸಂಸ್ಥೆಯಲ್ಲೂ ಓದುವವರು ಕನ್ನಡಿಗರಾಗಿದ್ದರೆ ಇಂಗ್ಲಿಷ್ ಏಕೆ ಬೇಕೆಂದು ನನಗೂ ಅನಿಸುತ್ತದೆ. ಗಡಿಯ ಊರಾದ ಬೆಳಗಾವಿಯಲ್ಲಂತೂ ‘ಮಂಜೂರ’ ಎಂದರೆ ಮರಾಠಿಯವರಿಗೂ ತಿಳಿಯುತ್ತದೆ.

ಆದರೆ ಕಚೇರಿಯ ಕನ್ನಡವೂ ಇಂಗ್ಲಿಷಿನ ಪಾಠವನ್ನೇ ಒಪ್ಪಿಸುತ್ತಿದೆ ಎಂಬುದನ್ನು ಮರೆಯಬೇಡಿ. ‘ತಮ್ಮ ಕೋರಿಕೆಯನ್ನು ಪರಿಶೀಲಿಸಲಾಗಿ, ಅದನ್ನು ಮಂಜೂರು ಮಾಡಲಾಗಿದೆ’ ಎಂಬ ವಾಕ್ಯದಲ್ಲಿ ಪರಿಶೀಲಿಸಿದವರು ಯಾರು, ಮಂಜೂರು ಮಾಡಿದವರು ಯಾರು ಎಂದು ಹುಡುಕಿದರೂ ಸಿಗುವುದಿಲ್ಲ. ಈ ‘ಲಾಗಿದೆ’ಯ ಹಿಂದೆ ಬಚ್ಚಿಟ್ಟುಕೊಳ್ಳುವುದನ್ನು ನಾವು ‘ಹ್ಯಾಸ್ ಬೀನ್ ಅಪ್ರೂವ್ಡ್’ ಎಂಬುದರಿಂದ ಕಲಿತೆವು. ಕನ್ನಡದ ಬಾಯಿಮಾತಿಗೆ ಅದು ಬೇಡ. ‘ಒಪ್ಪಿದ್ದೇನೆ’ ಎಂದರೆ ಒಪ್ಪಿದವರು ಅಲ್ಲೇ ನಿಂತಿರುತ್ತಾರೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಮೇಲಧಿಕಾರಿಯಾಗಿದ್ದವರು ಅರ್ಜಿಯ ಅಂಚಿನಲ್ಲಿ ಹಸಿರು ಶಾಯಿಯಿಂದ ಬರೆಯುತ್ತಿದ್ದರು. ತಂಗಿಯ ಮದುವೆಗೆಂದು ನಾನು ಎಂಟು ದಿನದ ರಜೆಯನ್ನು ಒಂದೂವರೆ ಪುಟದ ಇಂಗ್ಲಿಷಿನಲ್ಲಿ ಕೇಳಿದ್ದೆ. ಅವರು ಎಲ್ಲವನ್ನೂ ಓದಿ, ಎರಡು ಕಡೆ ಕಾಗುಣಿತ ತಿದ್ದಿ, ಕೆಳಗೆ ಬರೆದದ್ದು ಹೀಗಿತ್ತು: ‘ಆಗಲಿ. ಹೋಗಿ ಬನ್ನಿ. 4ನೆಯ ತಾರೀಖು ಬೆಳಿಗ್ಗೆ ಹಾಜರಾಗಬೇಕು. ಬೀರುವಿನ ಕೀಲಿಕೈ ಕೊಟ್ಟು ಹೋಗುವುದು.’